ನಾನೇ ಬರೆದ ಬಿಡುಗಡೆ ಪತ್ರ

ಹುಮನಾಬಾದಿನಲ್ಲಿ ನಾನು ಜೂನಿಯರ್ ವಕೀಲೆಯಾಗಿರುವ ಆಫೀಸಿಗೆ ಈಗ ಹಕ್ಕು ಬಿಡುಗಡೆ ಪತ್ರಗಳದೇ ಕೆಲಸ. ಪಿತ್ರಾರ್ಜಿತ ಹೊಲದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಎಂದು ಸುಪ್ರೀಂ ಕೋರ್ಟ್ ಖಚಿತಪಡಿಸಿದ ಮೇಲೆ ಪಾಲು ಬಿಟ್ಟುಕೊಟ್ಟೆವೆಂದು ಅಣ್ಣತಮ್ಮಂದಿರಿಗೆ ಅವರ ಸಹಿ ಬೇಕಾಗಿದೆ. ಮೊದಲು ಯಾರೂ ಅವರನ್ನು ಕೇಳುತ್ತಲೇ ಇರಲಿಲ್ಲ.

"ನೀನೇ ಓದಿ ಹೇಳವ್ವ, ಹೆಣ್ಮಕ್ಕಳು ನಿನ್ನ ಮಾತು ನಂಬತಾರ," ಎಂದು ಸೀನಿಯರ್ ಆ ಕೆಲಸವನ್ನು ನನಗೆ ಬಿಟ್ಟರು. ಪತ್ರದ ನಮೂನೆಯನ್ನೂ ನಾನೇ ಬರೆದೆ: 'ಯಾರ ಒತ್ತಾಯವೂ ಇಲ್ಲದೆ, ಸ್ವಸಂತೋಷದಿಂದ.'

ಕಳೆದ ತಿಂಗಳು ಬಸವಕಲ್ಯಾಣದ ಮನೆಗೆ ಹೋದಾಗ ಅಣ್ಣ ಹೊಸ ಸೀರೆಯ ಮೇಲೆ ಒಂದು ಪತ್ರವಿಟ್ಟು ತಂದ. ಸಹಿ ಹಾಕುವ ತಂಗಿಗೆ ಸೀರೆ ಕೊಡುವುದು ನಮ್ಮಲ್ಲಿ ರೂಢಿ.

"ಓದಿ ನೋಡ್ರಿ ವಕೀಲ ಸಾಹೇಬ್ರ, ತಪ್ಪಿದ್ರ ಹೇಳ್ರಿ," ಎಂದು ನಕ್ಕ.

"ಪಾಲು ಕೇಳಿದ್ರ, ನಾಳಿ ಮದುವ್ಯಾದ ಮ್ಯಾಲ ಯಾವ ಮುಖ ಇಟ್ಕೊಂಡು ತವರಿಗೆ ಬರ್ತಿ?" ಅವ್ವ ಒಳಗಿನಿಂದಲೇ ಕೇಳಿದಳು.

ತಪ್ಪೇನೂ ಇರಲಿಲ್ಲ. ಅಣ್ಣ ಅದನ್ನು ನನಗೆ ಹೇಳದೆ ನಮ್ಮ ಆಫೀಸಿನಿಂದಲೇ ಮಾಡಿಸಿಕೊಂಡು ಬಂದಿದ್ದ, ನನ್ನದೇ ನಮೂನೆ. 'ಸ್ವಸಂತೋಷದಿಂದ' ಎಂಬ ಆ ಸಾಲನ್ನು ಎಷ್ಟೋ ಹೆಂಗಸರಿಗೆ ಓದಿ ಹೇಳಿದ್ದೆ. ಒಬ್ಬರೂ ತಲೆಯೆತ್ತಿ ನನ್ನನ್ನು ನೋಡಿರಲಿಲ್ಲ. ಅವರಿಗೆ ಅರ್ಥವಾಗಿಲ್ಲವೆಂದು ತಿಳಿದಿದ್ದೆ.

ನಾನೂ ತಲೆಯೆತ್ತದೆ ಸಹಿ ಹಾಕಿದೆ.