ಎರಡೂ ಎಡಗಾಲಿನ ಬೂಟು

ಹೆಬ್ಬಗೋಡಿಯ ಬಾಡಿಗೆ ಕೋಣೆಯಲ್ಲಿ ನನ್ನ ಜೊತೆಗಿದ್ದವನು ಆನ್‌ಲೈನಿನಲ್ಲಿ ಬೂಟು ತರಿಸಿದ. ಬಿಚ್ಚಿ ನೋಡಿದರೆ ಎರಡೂ ಎಡಗಾಲಿನವು. ನನಗೆ ಒಳಗೊಳಗೇ ಖುಷಿಯಾಯಿತು. ಅವನು ಕಂಪನಿಗೆ ಫೋನು ಮಾಡಿ ಸ್ಪೀಕರಿಗೆ ಹಾಕಿದ.

“ತಪ್ಪು ನಮ್ದೇ ಸಾರ್, ಬೇಜಾರ್ ಮಾಡ್ಕೋಬೇಡಿ. ಬೇರೆ ಜೊತೆ ಕಳಿಸ್ತೀವಿ,” ಎಂದಳು ಆ ಕಡೆಯ ಹುಡುಗಿ. ಮೂರನೇ ದಿನ ಹೊಸ ಜೊತೆ ಬಂತು. ಸರಿಹೋಯ್ತಾ ಎಂದು ಕೇಳಲು ಫೋನೂ ಬಂತು.

ನನಗೆ ಹೊಟ್ಟೆ ಉರಿದುಹೋಯಿತು. ನನ್ನ ಏಳನೇ ನಂಬರಿನ ಕಾಲಿಗೆ ಕಾರ್ಖಾನೆಯವರು ಒಂಬತ್ತನೇ ನಂಬರಿನ ಸೇಫ್ಟಿ ಶೂ ಕೊಟ್ಟು ವರ್ಷವಾಗಿತ್ತು. ಬದಲಾಯಿಸಿ ಎಂದರೆ ಸ್ಟೋರಿನವನು, “ಬಟ್ಟೆ ತುರ್ಕೊಂಡು ಹಾಕ್ಕೊಳ್ಳೋ,” ಎಂದಿದ್ದ. ತಪ್ಪು ನಮ್ಮದೇ ಎಂದು ನನಗೆ ಈ ಜನ್ಮದಲ್ಲಿ ಯಾರೂ ಹೇಳಿರಲಿಲ್ಲ.

ಆ ವಾರವೇ ನಾನೂ ಅದೇ ಕಂಪನಿಯಿಂದ ಚಪ್ಪಲಿ ತರಿಸಿದೆ, ಏನಾದರೂ ತಪ್ಪಾಗಿ ಬರಲಿ ಎಂದು ಬೇಡಿಕೊಳ್ಳುತ್ತಾ. ಹಾಳಾದ್ದು, ಸರಿಯಾಗಿಯೇ ಬಂತು.