ಎಲೀನಮ್ಮ ಕೇಳಿದ್ದ ಕುರ್ಚಿ

ಶನಿವಾರ ಸಾಯಂಕಾಲ ನಾಲ್ಕು ಗಂಟೆ. ಮನೆಯೆಲ್ಲಾ ಬ್ರೆಡ್ ಬೇಯೋ ವಾಸನೆ, ನಾನು ಮಾತ್ರ ಉಪವಾಸ. ನೀವೇ ಹೇಳಿ, ಇದು ಯಾವ ನ್ಯಾಯ? ನಮ್ಮ ಮಾರ್ಮನ್ ಚರ್ಚಲ್ಲಿ ತಿಂಗಳ ಮೊದಲನೇ ಭಾನುವಾರ ಉಪವಾಸ, ಹಿಂದಿನ ದಿನ ಮಧ್ಯಾಹ್ನ ಉಂಡರೆ ಮುಗೀತು. ಪ್ರಾರ್ಥನೆಲಿ ಹಂಚೋ ಬ್ರೆಡ್ ತರೋ ಸರದಿ ಈ ಸಲ ನಮ್ಮನೇದು. ಅಂಗಡೀಲಿ ಸಿಗುತ್ತಲ್ಲ ಅಂದ್ರೆ ನನ್ನ ಹೆಂಡ್ತಿ ಸರೋಜ ಕೇಳಲ್ಲ. ಈ ಚರ್ಚಿಗೋಸ್ಕರ ಕಾಫಿನೂ ಬಿಟ್ಟೆ. ತಿಪಟೂರಲ್ಲಿ ಹುಟ್ಟಿದವನು ಕಾಫಿ ಬಿಡೋದು ಅಂದ್ರೆ ಹುಡುಗಾಟ ಅಲ್ಲ. ಇಪ್ಪತ್ತೈದು ವರ್ಷದಿಂದ ರಾಗಿ ಮಾಲ್ಟು ಕುಡೀತಾ ಕೂತಿದೀನಿ.

ಆದ್ರೆ ಇವತ್ತು ತಲೆ ಕೆಟ್ಟಿರೋದು ಹಸಿವಿಗಲ್ಲ. ಬೆಳಿಗ್ಗೆ ಇಲ್ಲೇ ಕಾರಲ್ಲಿ ಅರ್ಧ ಗಂಟೆ ದೂರದ ಡಬ್ಲಿನ್ನಿಂದ ಮಗಳು ಶಾಲಿನಿ ಫೋನ್ ಮಾಡಿದ್ಲು. ಅವಳ ಮೂರು ತಿಂಗಳ ಕೂಸಿಗೆ ನಾಳೆ ಚರ್ಚಲ್ಲಿ ಹೆಸರಿಟ್ಟು ಆಶೀರ್ವಾದ ಮಾಡ್ಬೇಕು. ನಮ್ಮಲ್ಲಿ ಪದ್ಧತಿ ಏನು ಅಂದ್ರೆ, ಗಂಡಸರು ಸುತ್ತ ನಿಂತು, ಮಗೂನ ಮಧ್ಯೆ ಅಂಗೈ ಮೇಲೆ ಹಿಡ್ಕೊಂಡು ತೂಗ್ತಾರೆ, ಒಬ್ಬ ಪ್ರಾರ್ಥನೆ ಹೇಳ್ತಾನೆ. ಅಳಿಯ ಮಂಡ್ಯ ಕಡೆಯವನು, ಒಳ್ಳೆಯವನು, ಚರ್ಚಿಗೂ ಅವನಿಗೂ ಸಂಬಂಧ ಇಲ್ಲ. ಹಾಗಾಗಿ ಹೇಳೋನು ತಾತ, ಅಂದ್ರೆ ನಾನು. ತಾಯಿ ಬೆಂಚಲ್ಲಿ ಕೂತು ನೋಡ್ಬೇಕು.

"ಅಪ್ಪ, ನಾನು ಎತ್ಕೊಂಡಿದ್ರೆ ಮಾತ್ರ ಬರೋದು. ಇಲ್ಲಾಂದ್ರೆ ನಾಳೆನೂ ಇಲ್ಲ, ಆಮೇಲೂ ಇಲ್ಲ. ಐ ಆಮ್ ಡನ್."

"ನಿಧಾನಕ್ಕೆ ಎಲ್ಲಾ ಬದಲಾಗುತ್ತಮ್ಮ" ಅಂದೆ.

"ಹನ್ನೆರಡು ವರ್ಷದವಳಿದ್ದಾಗ ಕೇಳಿದೆ, ಬ್ರೆಡ್ ತಟ್ಟೆ ಹುಡುಗರೇ ಯಾಕೆ ಹಂಚ್ಬೇಕು, ನಾನ್ಯಾಕೆ ಹಂಚಬಾರದು ಅಂತ. ಆಗ್ಲೂ ನೀನು ನಿಧಾನಕ್ಕೆ ಅಂದೆ. ಈಗ ನಂಗೆ ಮೂವತ್ತು. ನಿನ್ನ ನಿಧಾನ ಎಷ್ಟು ಉದ್ದ ಅಪ್ಪ?" ಫೋನ್ ಇಟ್ಟುಬಿಟ್ಲು.

ಆವಾಗಿಂದ ಎಲೀನಮ್ಮ ನೆನಪಾಗ್ತಿದಾರೆ. ಚರ್ಚಲ್ಲಿ ಎಲ್ಲರೂ ಸಿಸ್ಟರ್ ಎಲೀನ್ ಅಂತಿದ್ರು, ನನ್ನ ಬಾಯಿಗೆ ಎಲೀನಮ್ಮ ಅಂತಲೇ ಬಂತು. ತೆಳ್ಳಗಿನ ಬಿಳೀ ಅಜ್ಜಿ, ಕಾಲಿಗೆ ಯಾವಾಗ್ಲೂ ಗಂಡಸರ ಬೂಟು.

ನಾನು ಎಸ್ಸೆಸ್ಸೆಲ್ಸಿ ಪಾಸಾಗಿದ್ದು ಮದುವೆ ಆದ್ಮೇಲೆ. ಬೆಂಗಳೂರಲ್ಲಿ ಆಟೋ ಓಡಿಸ್ತಿದ್ದಾಗ ಬಿಳೀ ಷರ್ಟಿನ ಇಬ್ಬರು ಹುಡುಗರು ಹತ್ತಿದ್ರು, ಇಳಿಯೋ ಹೊತ್ತಿಗೆ ನನ್ನನ್ನ ಚರ್ಚಿಗೆ ಕರೆದಾಗಿತ್ತು. ಸರೋಜ ನರ್ಸು, ಅವಳ ಕೆಲಸದ ಮೇಲೆ ಇಲ್ಲಿಗೆ, ಸಾಂಟಾ ಕ್ಲಾರಾ ಕಡೆಗೆ ಬಂದ್ವಿ. ಬಂದ ಹೊಸತರಲ್ಲಿ ಬ್ರೆಡ್ ಮೇಲಿನ ಪ್ರಾರ್ಥನೆ ಓದೋ ಪಾಳಿ ನಂಗೆ ಬಂತು. ಅದನ್ನ ಇಂಗ್ಲಿಷಲ್ಲಿ ಒಂದಕ್ಷರ ತಪ್ಪದೆ ಓದ್ಬೇಕು. ತಪ್ಪಿದ್ರೆ ಬಿಷಪ್ಪು ತಲೆ ಅಲ್ಲಾಡಿಸ್ತಾರೆ, ಮತ್ತೆ ಮೊದಲಿಂದ. ಎರಡು ಸಲ ತಪ್ಪಿತು. ಇಡೀ ಚರ್ಚು ಕಣ್ಣು ಮುಚ್ಚಿ ಕೂತಿದೆ, ನನ್ನ ಬೆನ್ನಲ್ಲಿ ಬೆವರು. ಮೂರನೇ ಸಲಕ್ಕೆ ತಲೆ ಎತ್ತಿದ್ರೆ ಮುಂದಿನ ಬೆಂಚಲ್ಲಿ ಎಲೀನಮ್ಮ ಕಣ್ಣು ಬಿಟ್ಕೊಂಡು, ಸದ್ದಿಲ್ಲದೆ ತುಟಿ ಆಡಿಸ್ತಿದಾರೆ. ಅವರ ತುಟಿ ನೋಡ್ಕೊಂಡೇ ಓದಿ ಮುಗಿಸ್ದೆ. ಆ ಪ್ರಾರ್ಥನೆ ಅವರಿಗೆ ಬಾಯಿಪಾಠ. ಆದ್ರೆ ಹೆಂಗಸು, ಬಾಯಿ ಬಿಟ್ಟು ಹೇಳೋಹಾಗಿಲ್ಲ. ಅಕ್ಷರ ಕೂಡಿಸಿ ಓದೋ ನಾನು ಹೇಳಬಹುದು! ಮೈ ಉರಿಯಲ್ವಾ?

ಎಲೀನಮ್ಮಂಗೆ ನಾಲ್ಕು ಮಕ್ಕಳು. "ಒಂಬತ್ತು ತಿಂಗಳು ಹೊತ್ತೋಳು ನಾನು, ಐದು ನಿಮಿಷ ಹೊರೋಕೆ ನನ್ನ ಬಿಡ್ಲಿಲ್ಲ" ಅಂತಿದ್ರು. ಹೊಸ ಬಿಷಪ್ಪು ಬಂದಾಗೆಲ್ಲಾ ಒಂದು ನಿಂಬೆಹಣ್ಣಿನ ಕೇಕು ಮಾಡ್ಕೊಂಡು ಹೋಗಿ ಕೇಳೋರು: ಗಂಡಸರು ಸುತ್ತ ನಿಂತ್ಕೊಳ್ಳಿ, ಬೇಡ ಅನ್ನಲ್ಲ, ನಡುವೆ ಒಂದು ಕುರ್ಚಿ ಹಾಕಿ, ತಾಯಿ ಮಗೂನ ತೊಡೆ ಮೇಲಿಟ್ಕೊಂಡು ಕೂತ್ಕೊಳ್ಲಿ. ಪ್ರತಿಯೊಬ್ಬರೂ ಕೇಕು ತಿಂದು "ನೋಡೋಣ" ಅಂದ್ರು.

"ಚರ್ಚು ಬಿಟ್ಟು ಹೋಗಬಾರದಾ ಅಮ್ಮ?" ಅಂತ ಒಂದಿನ ಕೇಳ್ದೆ.

"ನಾನು ಹೋದ್ರೆ ನನ್ನ ಕುರ್ಚಿ ಮಡಚಿ ಗೋಡೆಗೆ ಒರಗಿಸ್ತಾರೆ. ಕೂತಿದ್ರೆ ವಾರ ವಾರ ನನ್ನ ಮುಖ ನೋಡ್ಬೇಕಲ್ಲ, ನೋಡ್ಲಿ" ಅಂತ ನಕ್ಕರು.

ಆಮೇಲಿಂದು ಹೇಳೋಕೆ ನಾಚಿಕೆ. ಕೊನೇ ಸಲ ಬಿಷಪ್ಪಿನ ರೂಮಿಗೆ ಹೋಗೋವಾಗ "ಬ್ರದರ್, ನೀವೂ ಬನ್ನಿ. ಒಬ್ಬ ಗಂಡಸು ಪಕ್ಕದಲ್ಲಿದ್ರೆ ಬೇರೆ ಥರ ಕೇಳಿಸ್ಕೋತಾರೆ" ಅಂದ್ರು. ನಾನು "ಕುರ್ಚಿ ಎತ್ತಿಡ್ಬೇಕಿತ್ತು" ಅಂದೆ. ಪ್ರತಿ ಭಾನುವಾರ ಬೆಂಚುಗಳ ಹಿಂದೆ ಮಡಚೋ ಕುರ್ಚಿ ಹಾಕೋದು, ಎತ್ತೋದು ನನ್ನ ಕೆಲಸ, ಸುಳ್ಳಲ್ಲ. ಆದ್ರೆ ಅವತ್ತು ಕುರ್ಚಿಗಳಿಗೇನು ಅವಸರ ಇರ್ಲಿಲ್ಲ. ಎಲೀನಮ್ಮ ಒಬ್ಬರೇ ಹೋದ್ರು, "ನೋಡೋಣ" ಅನ್ನಿಸ್ಕೊಂಡು ಬಂದ್ರು. ಹೋದ ವರ್ಷ ಚಳಿಗಾಲದಲ್ಲಿ ತೀರ್ಕೊಂಡ್ರು.

ಇಷ್ಟು ಟೈಪ್ ಮಾಡೋಕೆ ಒಂದು ಗಂಟೆ ಹಿಡೀತು. ಎದ್ದು ಬಿಷಪ್ಪಿಗೆ ಫೋನ್ ಮಾಡ್ದೆ. ಪಾಪ, ಅವರೂ ಚರ್ಚಿಗೆ ಸಂಬಳ ಇಲ್ದೆ ದುಡಿಯೋ ಮನುಷ್ಯ, ಸಾಂಟಾ ಕ್ಲಾರಾದಲ್ಲಿ ಆಫೀಸು, ಮನೇಲಿ ಮೂರು ಮಕ್ಕಳು. ನಡುವೆ ಒಂದು ಕುರ್ಚಿ ಹಾಕ್ತೀನಿ, ಮಗಳು ಮಗೂನ ಇಟ್ಕೊಂಡು ಕೂರ್ತಾಳೆ ಅಂದೆ.

"ನೋಡೋಣ ಬ್ರದರ್" ಅಂದ್ರು.

ನೋಡಿ, ಆ ಮಾತು ಕೇಳಿದ್ದೇ ನನ್ನ ಹಸಿವೆಲ್ಲಾ ಸಿಟ್ಟಾಗಿ ಏರ್ತು. "ನೋಡಿದ್ದು ಸಾಕು ಬಿಷಪ್. ಕುರ್ಚಿ ಇಲ್ಲಾಂದ್ರೆ ಪ್ರಾರ್ಥನೆ ಹೇಳೋಕೆ ನಾನೂ ನಿಂತ್ಕೊಳ್ಳಲ್ಲ. ಚರ್ಚು ಬಿಡಲ್ಲ, ಹೆದರ್ಬೇಡಿ. ಮಗಳ ಪಕ್ಕ ಬೆಂಚಲ್ಲಿ ಕೂತಿರ್ತೀನಿ, ಪ್ರತಿ ಭಾನುವಾರ, ನಿಮ್ಮ ಎದುರಿಗೇ."

ಫೋನಲ್ಲಿ ಅವರ ಹಿಂದೆ ಯಾವುದೋ ಮಗು ಅಳ್ತಿತ್ತು. ಆಮೇಲೆ, "ಕುರ್ಚಿ ಹಾಕೋದು ನಿಮ್ಮ ಕೆಲಸ. ಹಾಕಿದ್ದನ್ನ ನಾನಂತೂ ತೆಗೆಯಲ್ಲ" ಅಂದ್ರು.

ಇದೇ, ಇಷ್ಟೇ. ಎಷ್ಟು ಕೇಕು ತಿಂದ ಮೇಲೆ ಒಂದು ಮಡಚೋ ಕುರ್ಚಿ! ಮಗಳಿಗೆ ಫೋನ್ ಮಾಡ್ದೆ.

"ಕುರ್ಚಿ ಅಷ್ಟೇನಾ ಅಪ್ಪ?"

"ಅಷ್ಟೇ ಕಣಮ್ಮ."

"ಬಿಷಪ್‌ನ ನೀನೇ ಕೇಳಿದ್ಯಾ? ನೀನು?" ಅಂದ್ಲು. "ಸರಿ, ಬರ್ತೀನಿ. ನಾಳೆ ಮಾತ್ರ. ಮುಂದಿಂದು ಕೇಳ್ಬೇಡ. ಆಮೆನ್ ಮಾತ್ರ ನಾನು ಜೋರಾಗೇ ಹೇಳ್ತೀನಿ."

ಮುಂದಿಂದು ನಾನು ಕೇಳ್ಲಿಲ್ಲ. ನಿಧಾನಕ್ಕೆ ಅನ್ನೋ ಮಾತು ನಾಲಿಗೆ ತುದೀವರೆಗೂ ಬಂತು, ನುಂಗಿಕೊಂಡೆ. ಉಪವಾಸದಲ್ಲಿ ನುಂಗಿದ್ದು ಅದೊಂದೇ.

ಬ್ರೆಡ್ಡಿನ ತಳ ಒಂಚೂರು ಸೀದಿದೆ. ಸರೋಜ ನನ್ನ ಮೇಲೆ ರೇಗ್ತಿದಾಳೆ, ಓವನ್ ನೋಡ್ಕೋ ಅಂದಿದ್ಳಂತೆ. ನಾಳೆ ಎಲ್ಲರಿಗಿಂತ ಮೊದಲು ಹೋಗ್ಬೇಕು. ಬೇರೆ ಯಾವ ಕುರ್ಚಿನೂ ಹಾಕೋ ಮುಂಚೆ ಎಲೀನಮ್ಮನ ಕುರ್ಚಿ ಹಾಕ್ತೀನಿ. ಯಾರಾದ್ರೂ ಅದನ್ನ ಮಡಚೋಕೆ ಬಂದ್ರೆ, ಮಗಳು ಬರೋವರೆಗೂ ನಾನೇ ಅದರ ಮೇಲೆ ಕೂತಿರ್ತೀನಿ.