ಬಟನ್ ಕೆಳಗೆ ಬರುತ್ತಂತೆ

ಫೋನಿನ ಕವರ್ ತಯಾರಿಸುವ ಆ ಸಣ್ಣ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಅಚ್ಚಿನಕ್ಕ ಎಂದು ಕರೆಯುತ್ತಿದ್ದರು. ಕವರಿಗೆ ಅಚ್ಚು ಬೇಕು, ಅಚ್ಚಿಗೆ ನಕ್ಷೆ ಬೇಕು. ಆ ನಕ್ಷೆ ಬರೆಯುವುದು ಅವಳ ಕೆಲಸ. ಕ್ಯಾಮೆರಾಗೆ ಎಲ್ಲಿ ಕಿಂಡಿ ಬಿಡಬೇಕು, ಚಾರ್ಜರ್ ತೂರಿಸಲು ಎಷ್ಟು ಜಾಗ, ಬಟನ್ನಿನ ಮೇಲೆ ಎಷ್ಟು ಉಬ್ಬು, ಎಲ್ಲ ಅವಳ ಕಂಪ್ಯೂಟರಿನಲ್ಲೇ ತೀರ್ಮಾನವಾಗುತ್ತಿತ್ತು. ವಯಸ್ಸು ಐವತ್ತರ ಹತ್ತಿರ. ಮದುವೆಯಾಗಿರಲಿಲ್ಲ. ಅಮ್ಮ ತೀರಿಕೊಂಡ ಮೇಲೆ, ಅಮ್ಮನ ಜೊತೆಗಿದ್ದ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಒಬ್ಬಳೇ ಉಳಿದಿದ್ದಳು. ಊರಿನ ಆ ಕೊನೆಯಲ್ಲಿದ್ದ ತಮ್ಮ ಎಂದಾದರೊಮ್ಮೆ ಬರುತ್ತಿದ್ದ. ತಮ್ಮನ ಹೆಂಡತಿ ಬೆಳಗಾದರೆ ಮೊಬೈಲಿಗೆ ಒಂದು ಗುಲಾಬಿ ಹೂವಿನ ಚಿತ್ರ ಕಳಿಸುತ್ತಿದ್ದಳು. ಅದಕ್ಕೆ ಇವಳು ಕೈಮುಗಿದ ಚಿತ್ರ ವಾಪಸ್ ಕಳಿಸುತ್ತಿದ್ದಳು. ಅಲ್ಲಿಗೆ ನೆಂಟಸ್ತಿಕೆ ಮುಗಿಯಿತು.

ಈ ಕವರಿನ ದಂಧೆಯ ಕಷ್ಟವೇ ಬೇರೆ. ಹೊಸ ಫೋನು ಅಂಗಡಿಗೆ ಬಂದ ದಿನವೇ ಕವರೂ ಅದರ ಪಕ್ಕದಲ್ಲಿ ನೇತಾಡುತ್ತಿರಬೇಕು. ಅಂದರೆ ತಿಂಗಳುಗಟ್ಟಲೆ ಮೊದಲೇ ಅಚ್ಚು ಕೊರೆಯಬೇಕು, ಫೋನನ್ನು ಯಾರೂ ಕಣ್ಣಲ್ಲಿ ಕಾಣುವ ಮೊದಲೇ. "ಕೂಸು ಹುಟ್ಟೋ ಮುಂಚೆ ಕುಲಾವಿ ಅಂತ ಜನ ತಮಾಷೆ ಮಾಡ್ತಾರೆ, ನಮಗೆ ಅದೇ ಹೊಟ್ಟೆಪಾಡು" ಎನ್ನುತ್ತಿದ್ದ ಮಾಲೀಕ. ಕೂಸಿನ ತಲೆ ಎಷ್ಟು ದಪ್ಪವಿದೆ ಎಂದು ಕದ್ದು ನೋಡಿ ಬಂದು ಹೇಳಲು ಒಬ್ಬ ಏಜೆಂಟ್ ಇದ್ದ.

ಅವನಿದ್ದುದು ದೂರದ ಬೇರೊಂದು ಪಟ್ಟಣದಲ್ಲಿ. ಎಲ್ಲೆಲ್ಲಿಂದಲೋ ಸೋರಿ ಬಂದ ಫೋಟೊ, ಅಳತೆ, ಗುಸುಗುಸು, ಎಲ್ಲವನ್ನೂ ಜರಡಿ ಹಿಡಿದು ಕವರ್ ತಯಾರಕರಿಗೆ ಮಾರುವವನು. ಅಚ್ಚಿನಕ್ಕ ಅವನ ಮುಖ ನೋಡಿರಲಿಲ್ಲ. ಆದರೆ ವರ್ಷ ವರ್ಷವೂ ಹೊಸ ಫೋನಿಗೆ ಮುಂಚಿನ ಆ ತಿಂಗಳುಗಳಲ್ಲಿ, ಕೆಲಸ ಮುಗಿದು ಯಂತ್ರಗಳು ಸುಮ್ಮನಾದ ಮೇಲೆ, ಅವನ ಕರೆ ಬರುತ್ತಿತ್ತು.

"ಕ್ಯಾಮೆರಾ ಮೂಲೆ ಬಿಟ್ಟು ಮಧ್ಯಕ್ಕೆ ಬರುತ್ತಂತೆ, ಮೇಡಂ."

"ಅಂತೆ ಕಂತೆ ಬೇಡ. ಅಳತೆ ಹೇಳಿ."

"ನಾನು ಸಂತೆಯಲ್ಲಿ ಕೂತೋನು. ಅಂತೆ ಕಂತೆನೇ ನನ್ನ ಸರಕು."

ಹೀಗೆ ಶುರುವಾದರೆ ಒಂದು ಮಸುಕು ಫೋಟೊದ ಮೇಲೆ ಅರ್ಧ ತಾಸು ವಾದ. ಅದು ಕ್ಯಾಮೆರಾದ ಅಂಚು ಎಂದು ಅವನು, ಫೋಟೊ ತೆಗೆದವನ ಉಗುರು ಎಂದು ಅವಳು. ನಡುನಡುವೆ ಬೇರೆ ಮಾತೂ ನುಸುಳುತ್ತಿತ್ತು. ಅವಳ ಕೆಮ್ಮು ಹೇಗಿದೆ ಎಂದು ಅವನು ಕೇಳುತ್ತಿದ್ದ. ಲೀಕ್ ಆಗುತ್ತಿರುವುದು ಫೋನು ಮಾತ್ರವಲ್ಲ, ತನ್ನ ಬಚ್ಚಲುಮನೆಯ ನಲ್ಲಿಯೂ ಎಂದು ಒಮ್ಮೆ ಹೇಳಿ ಅವಳನ್ನು ನಗಿಸಿದ್ದ. ಫೋನು ಬಿಡುಗಡೆಯಾದ ಮೇಲೆ ಕರೆಗಳು ನಿಲ್ಲುತ್ತಿದ್ದವು. ಕೆಲಸವಿಲ್ಲದೆ ಮಾತೇಕೆ? ಅವಳಿಗೂ ಅದು ಸಹಜವೆನಿಸಿತ್ತು.

ಆದರೆ ಒಂದು ವರ್ಷ ಅವನು ಒಂದೇ ಸಲ ಕರೆ ಮಾಡಿದ. "ಈ ಸಲ ಏನೂ ಬದಲಾವಣೆ ಇಲ್ಲ ಮೇಡಂ. ಬಣ್ಣ ಒಂದು ಬೇರೆ. ಹಳೇ ಅಚ್ಚೇ ಸಾಕು."

ಮಾಲೀಕನಿಗೆ ಖುಷಿಯೋ ಖುಷಿ. ಅಚ್ಚಿನಕ್ಕನೂ ಒಳ್ಳೆಯದಾಯಿತು ಎಂದಳು. ಆದರೆ ಸಂಜೆಯಾದರೆ ಕೈ ತಾನಾಗಿ ಮೊಬೈಲಿನ ಕಡೆ ಹೋಗುತ್ತಿತ್ತು. ಮನೆಯಲ್ಲಿ ಟಿವಿ ಹಾಕಿ, ಬೆನ್ನು ತಿರುಗಿಸಿ ಪಾತ್ರೆ ತೊಳೆಯುತ್ತಿದ್ದಳು. ಬೇಕಾದದ್ದು ಧ್ವನಿ ಅಷ್ಟೆ. ಅನ್ನ ಮಾಡಿದ ಪಾತ್ರೆಯಲ್ಲೇ ಕಲಸಿಕೊಂಡು ನಿಂತೇ ತಿನ್ನುವುದು ಅಭ್ಯಾಸವಾಯಿತು. ಕಾರ್ಖಾನೆಗೆ ರಜೆ ಬಿದ್ದ ಒಂದು ದಿನ ತರಕಾರಿಯವನ ಹತ್ತಿರ ಮಾತಾಡಲು ಬಾಯಿ ತೆರೆದರೆ ಗಂಟಲು ಕಟ್ಟಿತ್ತು. ಹಿಂದಿನ ಮಧ್ಯಾಹ್ನದಿಂದ ತಾನು ಯಾರ ಜೊತೆಯೂ ಒಂದು ಮಾತೂ ಆಡಿಲ್ಲ ಎಂಬುದು ಆಗ ತಿಳಿಯಿತು. ಮನೆಗೆ ಬಂದು ಚೀಲವನ್ನು ಕೆಳಗಿಡುವ ಮೊದಲೇ ಏಜೆಂಟನಿಗೆ ಕರೆ ಮಾಡಿದಳು.

"ಏನಾದ್ರೂ ತೊಂದ್ರೆ ಆಯ್ತಾ ಮೇಡಂ?" ಅವನ ದನಿಯಲ್ಲಿ ಗಾಬರಿ.

ಏನೂ ಇಲ್ಲ, ಸುಮ್ಮನೆ ಮಾಡಿದೆ ಎನ್ನಲು ನಾಲಿಗೆ ಹೊರಳಲಿಲ್ಲ. "ಪಕ್ಕದ ಬಟನ್ ಕೆಳಗೆ ಬರುತ್ತಂತೆ. ಅರ್ಧ ಬೆರಳಿನಷ್ಟು. ನಿಮಗೆ ಗೊತ್ತಾ?" ಎಂದುಬಿಟ್ಟಳು.

"ಯಾರು ಹೇಳಿದ್ರು?"

"ಯಾರೋ."

"ವಿಚಾರಿಸ್ತೀನಿ ಇರಿ."

ಆ ವಾರವೆಲ್ಲ ಕರೆಗಳು ಬಂದವು. ಅವನು ಅವರನ್ನು ಕೇಳಿದ, ಇವರನ್ನು ಕೇಳಿದ, ಯಾರಿಗೂ ಗೊತ್ತಿಲ್ಲ, ಆದರೆ ಯಾರೂ ಇಲ್ಲವೆನ್ನುವುದಿಲ್ಲ. ಅವಳು ಬಟನ್ ಕೆಳಗೆ ಬಂದರೆ ಒಳಗಿನ ಬ್ಯಾಟರಿ ಎಲ್ಲಿಗೆ ಹೋಗಬೇಕು ಎಂದು ತರ್ಕಿಸಿದಳು. ಕೂತು ತಟ್ಟೆಯಲ್ಲಿ ಊಟ ಮಾಡಿದಳು. ಸುಳ್ಳು ಹೇಳಿದ್ದೇನೆ ಎಂಬುದು ಮನಸ್ಸಿನ ಮೂಲೆಯಲ್ಲಿತ್ತು, ನಾಳೆ ಹೇಳಿದರಾಯಿತು ಎಂದುಕೊಳ್ಳುತ್ತಿದ್ದಳು.

ಆ ನಾಳೆ ಬರುವ ಮೊದಲೇ ಮಾಲೀಕ ಮೊಬೈಲ್ ಹಿಡಿದು ಓಡಿ ಬಂದ. "ಅಕ್ಕಾ, ನೋಡಿದ್ರಾ? ಎಲ್ಲ ಕಡೆ ಇದೇ ಮಾತು."

ಪರದೆಯ ಮೇಲೆ ಯಾರೋ ಬಿಡಿಸಿದ ಫೋನಿನ ಚಿತ್ರ. ಬಟನ್ ಕೆಳಗಿತ್ತು, ಪಕ್ಕದಲ್ಲಿ ಕೆಂಪು ಬಾಣ. ನಂಬಲರ್ಹ ಮೂಲಗಳಿಂದ ತಿಳಿದದ್ದು ಎಂದು ಒಬ್ಬ ಯುವಕ ವಿಡಿಯೊದಲ್ಲಿ ಕೈ ತಿರುವುತ್ತಿದ್ದ. ಕೈಗೆ ಹಿತವಾಗಲೆಂದು ಹೀಗೆ ಮಾಡಿದ್ದಾರೆಂದು ಕಾರಣವನ್ನೂ ಕೊಟ್ಟ.

"ಹಿಂದಿನ ಬೀದಿ ಕವರ್ ಕಾರ್ಖಾನೆಯವರು ಆಗಲೇ ಅಚ್ಚಿಗೆ ಉಕ್ಕು ತರಿಸಿದ್ದಾರೆ. ನಾವೂ ಶುರು ಮಾಡೋಣ."

"ಬೇಡ. ಅದು ಸುಳ್ಳು."

"ನಿಮಗೆ ಹೇಗೆ ಗೊತ್ತು?"

"ಹುಟ್ಟಿಸಿದ್ದು ನಾನೇ."

ಅವನು ನಗಲು ಹೊರಟು ಅರ್ಧಕ್ಕೆ ನಿಲ್ಲಿಸಿದ. "ಯಾಕಕ್ಕಾ?"

"ಮಾತಾಡ್ಬೇಕು ಅನ್ನಿಸ್ತು."

ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು. ಅವನು ಬೈಯಲಿಲ್ಲ. ಹಿಂದಿನ ಬೀದಿಯವರಿಗೆ ತಾನೇ ಹೋಗಿ ಹೇಳಿದ. ಎದುರಾಳಿಯ ಹೂಟ ಎಂದುಕೊಂಡು ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ಮರುದಿನದಿಂದ ಮಾಲೀಕ ದಿನಾ ಮಧ್ಯಾಹ್ನ ಅವಳ ಮೇಜಿನ ಹತ್ತಿರ ನಿಂತು, ಆಸ್ಪತ್ರೆಯಲ್ಲಿ ಮಲಗಿದವರನ್ನು ಮಾತಾಡಿಸುವ ದನಿಯಲ್ಲಿ, "ಊಟ ಆಯ್ತಾ ಅಕ್ಕಾ?" ಎಂದು ಕೇಳತೊಡಗಿದ. ಉಳಿದವರೂ ಒಬ್ಬೊಬ್ಬರಾಗಿ ಕಲಿತರು. ಅವಳು ಎಲ್ಲರಿಗೂ "ಆಯ್ತು" ಎನ್ನುತ್ತಿದ್ದಳು. ಒಬ್ಬಳೇ ಇರುವುದಕ್ಕಿಂತ ಹಾಗೆ ಕೇಳಿಸಿಕೊಳ್ಳುವುದು ಕಷ್ಟವಾಗಿತ್ತು.

ಏಜೆಂಟನಿಗೂ ಹೇಳಿದಳು. ಅವನು ಪೂರ್ತಿ ಕೇಳಿಸಿಕೊಂಡ.

"ನಿಮ್ಮ ಮಾತನ್ನ ಯಾಕೆ ನಂಬಿದೆ ಗೊತ್ತಾ?" ಎಂದ. "ಇಷ್ಟು ವರ್ಷದಲ್ಲಿ ನೀವು ಒಂದು ಸಲಾನೂ 'ಅಂತೆ' ಅಂದೋರಲ್ಲ."

ಅಷ್ಟೇ ಹೇಳಿ ಫೋನ್ ಇಟ್ಟುಬಿಟ್ಟ.

ಫೋನು ಬಿಡುಗಡೆಯಾದ ದಿನ ಎಲ್ಲರೂ ಮಾಲೀಕನ ಕಂಪ್ಯೂಟರಿನ ಮುಂದೆ ನಿಂತು ನೋಡಿದರು. ಬಟನ್ ಇದ್ದಲ್ಲೇ ಇತ್ತು. ಕೆಲವು ದಿನಗಳ ನಂತರ ಹಿಂದಿನ ಬೀದಿಯಲ್ಲಿ ಹೋಗುವಾಗ, ಆ ಕಾರ್ಖಾನೆಯ ಗೋಡೆಗೆ ಒರಗಿಸಿಟ್ಟ ಗೋಣಿಚೀಲಗಳು ಕಂಡವು. ಬಾಯಿ ಬಿಚ್ಚಿದ್ದ ಒಂದು ಚೀಲದಿಂದ ಕವರುಗಳು ಇಣುಕುತ್ತಿದ್ದವು. ಉಬ್ಬು ಅರ್ಧ ಬೆರಳು ಕೆಳಗಿತ್ತು. ಕೆಲಸವೇನೋ ಅಚ್ಚುಕಟ್ಟು. ಅವಳು ತಲೆ ತಗ್ಗಿಸಿ ದಾಟಿದಳು. ಆಮೇಲೆ ಬಹಳ ದಿನ ಸುತ್ತು ದಾರಿ ಹಿಡಿದೇ ಮನೆಗೆ ಹೋದಳು.

ಹೀಗಿರುವಾಗ ಒಂದು ಸಂಜೆ ಏಜೆಂಟನ ಕರೆ ಬಂತು.

"ಒಂದು ಮಾತು ಕೇಳ್ಬೇಕಿತ್ತು. ಕೆಳಗೆ ಅಂತಾನೇ ಯಾಕೆ ಹೇಳಿದ್ರಿ? ಮೇಲೆ ಅಂತಾನೂ ಹೇಳ್ಬಹುದಿತ್ತಲ್ಲ."

ಅವಳು ತನ್ನ ಕೈ ನೋಡಿಕೊಂಡಳು. "ನನ್ನ ಹೆಬ್ಬೆರಳು ಗಿಡ್ಡ. ಬಟನ್ ಈಗಿರೋ ಕಡೆಗೆ ಎಟುಕಲ್ಲ."

ಆ ಕಡೆಯಿಂದ ಸಣ್ಣಗೆ ನಕ್ಕದ್ದು ಕೇಳಿಸಿತು. ಈ ಕಸುಬು ಬಿಡುತ್ತಿದ್ದೇನೆ, ಬೇಸರವಾಗಿದೆ, ಭಾವಮೈದುನನ ಪ್ಲಾಸ್ಟಿಕ್ ಸಾಮಾನಿನ ಅಂಗಡಿಯಲ್ಲಿ ಕೂರುತ್ತೇನೆ ಎಂದ. ನನ್ನಿಂದಲಾ ಎಂದು ಅವಳು ಕೇಳಿದಳು. "ಸ್ವಲ್ಪ ನಿಮ್ಮಿಂದ, ಮಿಕ್ಕಿದ್ದು ವಯಸ್ಸಿಂದ" ಎಂದ. ಕೊನೆಗೆ, "ಫೋನ್ ಮಾಡಿ ಮೇಡಂ. ಸುದ್ದಿ ಇದ್ರೇನೇ ಮಾಡ್ಬೇಕು ಅಂತಿಲ್ಲ" ಎಂದ.

ಮುಂದಿನ ವರ್ಷ ಬಂದ ಹೊಸ ಏಜೆಂಟ್ ಮಾತಾಡುವವನಲ್ಲ. ಅಳತೆಗಳನ್ನು ಮೆಸೇಜಿನಲ್ಲಿ ಕಳಿಸುತ್ತಾನೆ, ಸರಿಯಾಗಿಯೇ ಇರುತ್ತವೆ.

ಅಚ್ಚಿನಕ್ಕ ಹಳೆಯವನಿಗೆ ಆಗೀಗ ಕರೆ ಮಾಡುತ್ತಾಳೆ. ವಾದಕ್ಕೆ ವಿಷಯವಿಲ್ಲದ್ದರಿಂದ ಇಬ್ಬರೂ ತಡವರಿಸುತ್ತಾರೆ. ಬಕೆಟ್ ವ್ಯಾಪಾರ ಹೇಗಿದೆ ಎಂದು ಇವಳು, ಕೆಮ್ಮು ಹೇಗಿದೆ ಎಂದು ಅವನು. ನಡುವೆ ಯಾರಾದರೂ ಗಿರಾಕಿ ಬಂದು ಮಗ್ಗು ಇದೆಯಾ ಎಂದು ಕೇಳುತ್ತಾರೆ. ಅವನು ಒಂದು ನಿಮಿಷ ಇರಿ ಎನ್ನುತ್ತಾನೆ. ಅವಳು ಇರುತ್ತಾಳೆ.